ಹೊಳೆ ನುಂಗಿದ ಕಾಡುದಾರಿ: ಇದ್ದ ಜಾಗದಲ್ಲೇ ಮತ್ತೆ ಕಟ್ಟಬೇಕೇ?

ಪ್ರಶ್ನೆ: ಹಳ್ಳಿಯ ಕೊನೆಯ ಮನೆಯಿಂದ ಕಾಡಿನೊಳಗೆ ಚಾರಣದ ಹಾದಿ ಶುರುವಾಗುವ ಬಯಲಿನವರೆಗೆ ಏಳು ಕಿಲೋಮೀಟರ್ ಜಲ್ಲಿ ರಸ್ತೆ ಇತ್ತು. ಈ ಸಲದ ನೆರೆಯಲ್ಲಿ ಅದು ಮೂರು ಕಡೆ ಹೋಗಿದೆ. ಒಂದು ಕಡೆ ಮೋರಿಯೇ ಕೊಚ್ಚಿಹೋಗಿದೆ, ಇನ್ನೊಂದು ಕಡೆ ತಿರುವಿನಲ್ಲಿ ಹೊಳೆ ಅರ್ಧ ರಸ್ತೆ ತಿಂದಿದೆ, ಮತ್ತೊಂದು ಕಡೆ ರಸ್ತೆಯ ಹೊರ ಅಂಚು ಕಣಿವೆಗೆ ಜಾರಿದೆ. ಚಾರಣಿಗರು, ಡೇರೆ ಹಾಕುವವರು, ಹಕ್ಕಿ ನೋಡುವವರು ಯಾರೂ ಈಗ ಬರುವಂತಿಲ್ಲ. ದೊಡ್ಡ ಪೈಪು ಹಾಕಿ, ಮಣ್ಣು ತುಂಬಿ, ಮೇಲೆ ಡಾಂಬರು ಹಾಕಿಬಿಟ್ಟರೆ ಮುಂದಿನ ಮಳೆಗಾಲಕ್ಕೆ ಮೊದಲು ತೆರೆಯಬಹುದಲ್ಲವೇ?

ಉತ್ತರ: ತೆರೆಯಬಹುದು. ಆದರೆ ನೀವು ಹೇಳಿದ ರೀತಿಯಲ್ಲೇ ಕಟ್ಟಿದರೆ ಅದರ ನಂತರದ ದೊಡ್ಡ ಮಳೆಗೆ ಇದೇ ಪ್ರಶ್ನೆಯನ್ನು ನನಗೆ ಮತ್ತೆ ಬರೆಯಬೇಕಾಗುತ್ತದೆ. ನೀವು ಮೂರು ಜಾಗ ಹೇಳಿದ್ದೀರಿ. ಮೂರರಲ್ಲೂ ರಸ್ತೆ ಹೋದ ಕಾರಣ ಬೇರೆ ಬೇರೆ, ಹಾಗಾಗಿ ಮದ್ದೂ ಬೇರೆ. ಎಲ್ಲದಕ್ಕೂ ಮಣ್ಣು ತುಂಬುವುದು ಅಂದರೆ ಜ್ವರ, ಮುರಿದ ಕಾಲು, ಹಲ್ಲುನೋವು ಮೂರಕ್ಕೂ ಒಂದೇ ಮಾತ್ರೆ ಕೊಟ್ಟ ಹಾಗೆ.

ಮೊದಲಿಗೆ, ಯಂತ್ರಗಳು ಬರುವ ಮುಂಚೆ ಒಂದು ದಿನ ಪೂರ್ತಿ ನಡೆದು ನೋಡಿ. ಯಂತ್ರ ಒಮ್ಮೆ ಇಳಿಯಿತೆಂದರೆ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ನೆರೆ ತನ್ನ ಕಥೆಯನ್ನು ಅಲ್ಲೇ ಬರೆದಿಟ್ಟು ಹೋಗಿರುತ್ತದೆ. ಪೊದೆಗಳಲ್ಲಿ ಸಿಕ್ಕಿಕೊಂಡ ಒಣ ಹುಲ್ಲು, ಮರದ ತೊಗಟೆಯ ಮೇಲಿನ ಕೆಸರಿನ ಗೆರೆ, ಬಂಡೆಯ ಹಿಂದೆ ರಾಶಿ ಬಿದ್ದ ಕಡ್ಡಿ ಕಸ, ಇವೆಲ್ಲ ನೀರು ಎಷ್ಟು ಎತ್ತರಕ್ಕೆ ಬಂದಿತ್ತು ಎಂದು ಹೇಳುತ್ತವೆ. ಅಲ್ಲಲ್ಲಿ ಬಣ್ಣದ ಪಟ್ಟಿ ಕಟ್ಟಿ, ಫೋಟೋ ತೆಗೆದು, ರಸ್ತೆಯ ಮಟ್ಟಕ್ಕಿಂತ ಆ ಗೆರೆ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂದು ಅಳೆದಿಡಿ. ಮುಂದೆ ಸರ್ಕಾರಿ ನೆರವು ಕೇಳಲು ಹೋದಾಗಲೂ ಈ ಫೋಟೋಗಳೇ ನಿಮ್ಮ ಪರ ಮಾತಾಡುತ್ತವೆ. ವಿಪತ್ತು ಪರಿಹಾರದ ಹಣ ಹಲವು ಕಡೆ 'ಇದ್ದ ಹಾಗೆ ಮಾಡಿಕೊಡಲು' ಮಾತ್ರ ಸಿಗುತ್ತದೆ. ಇದ್ದದ್ದೇ ತಪ್ಪಾಗಿತ್ತು ಎಂದು ತೋರಿಸಿದರೆ ಮಾತ್ರ ಅದಕ್ಕಿಂತ ಉತ್ತಮವಾದದ್ದಕ್ಕೆ ದಾರಿ ತೆರೆಯುತ್ತದೆ. 2015ರಲ್ಲಿ ಜಪಾನಿನ ಸೆಂಡೈ ನಗರದಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳು ಒಪ್ಪಿದ ವಿಪತ್ತು ಚೌಕಟ್ಟಿನಲ್ಲಿ 'ಮೊದಲಿಗಿಂತ ಚೆನ್ನಾಗಿ ಮರುಕಟ್ಟುವುದು' ಎಂಬುದನ್ನು ಆದ್ಯತೆಗಳ ಪಟ್ಟಿಯಲ್ಲೇ ಬರೆದಿದ್ದಾರೆ. ಅರ್ಜಿಯಲ್ಲಿ ಆ ಮಾತನ್ನು ನೆನಪಿಸಿದರೆ ನಷ್ಟವೇನಿಲ್ಲ.

ಈಗ ಮೋರಿಗೆ ಬರೋಣ. ನನ್ನ ಉತ್ತರದ ಅರ್ಧ ಭಾಗ ಇದಕ್ಕೇ ಹೋಗಲಿದೆ, ಯಾಕೆಂದರೆ ಕಾಡಿನ ರಸ್ತೆಗಳು ಸಾಯುವುದು ಹೆಚ್ಚಾಗಿ ಮೋರಿಗಳಲ್ಲಿ.

ಪೈಪು ಚಿಕ್ಕದಿತ್ತು, ನೀರು ಹಿಡಿಸಲಿಲ್ಲ, ಅದಕ್ಕೇ ಹೋಯಿತು ಅನ್ನುವುದು ಎಲ್ಲರ ಮೊದಲ ಊಹೆ. ಪೂರ್ತಿ ಸುಳ್ಳಲ್ಲ. ಆದರೆ ಕಾಡಿನ ಹಳ್ಳ ಬರೀ ನೀರನ್ನು ತರುವುದಿಲ್ಲ. ಬೇರುಸಮೇತ ಕಿತ್ತ ಮರ, ಕೊಂಬೆ, ಎಲೆಯ ಮುದ್ದೆ, ಮರಳು, ತಲೆಗಾತ್ರದ ಕಲ್ಲು ಎಲ್ಲವನ್ನೂ ತರುತ್ತದೆ. ನೀರಿಗೆ ಸಾಲುವ ಪೈಪು ಮರಕ್ಕೆ ಸಾಲುವುದಿಲ್ಲ. ಒಂದು ಕೊಂಬೆ ಬಾಯಿಗೆ ಅಡ್ಡ ಬಿದ್ದರೆ ಅದಕ್ಕೆ ಎಲೆ ಸಿಕ್ಕಿ, ಎಲೆಗೆ ಮರಳು ಸಿಕ್ಕಿ, ಸ್ವಲ್ಪ ಹೊತ್ತಿನಲ್ಲೇ ಪೈಪಿಗೆ ಬಿರಡೆ ಬೀಳುತ್ತದೆ. ಆಮೇಲೆ ಪೈಪಿನ ವ್ಯಾಸ ಎಷ್ಟಿದ್ದರೇನು? ರಸ್ತೆಯೇ ಅಣೆಕಟ್ಟಾಗುತ್ತದೆ, ಅದೂ ಅಣೆಕಟ್ಟಾಗಲು ಕಟ್ಟಿರದ ಮಣ್ಣಿನ ದಿಬ್ಬ. ನೀರು ಮೇಲೆ ಹರಿದು ಕೆಳಬದಿಯಿಂದ ಕೊರೆಯುತ್ತಾ ಹಿಂದೆ ಹಿಂದೆ ಬರುತ್ತದೆ, ಕೊನೆಗೆ ಪೈಪು ಸಮೇತ ಎಲ್ಲವೂ ಹೋಗುತ್ತದೆ. ನಿಮ್ಮ ಹಳೆಯ ಪೈಪು ಕೆಳಗೆಲ್ಲೋ ಬಿದ್ದಿದ್ದರೆ ಅದರ ಒಳಗೆ ಇಣುಕಿ ನೋಡಿ. ಒಳಗೆ ಕಲ್ಲು ಮರ ತುಂಬಿಕೊಂಡಿದ್ದರೆ ಕಥೆ ಇದೇ.

ನೌಕರಿಯ ಮೊದಲ ವರ್ಷಗಳಲ್ಲಿ ನಾನೂ ಒಂದು ಜಾಣತನ ಮಾಡಿದ್ದೆ. ಒಂದು ದೊಡ್ಡ ಪೈಪಿನ ಬದಲು ಎರಡು ಚಿಕ್ಕ ಪೈಪು ಅಕ್ಕಪಕ್ಕ ಹಾಕಿಸಿದೆ, ಲೆಕ್ಕದಲ್ಲಿ ಎರಡೂ ಸಮ ಎಂದು. ಮೊದಲ ಮಳೆಗಾಲದಲ್ಲೇ ಒಂದು ಮರದ ದಿಮ್ಮಿ ಎರಡರ ನಡುವಿನ ಗೋಡೆಗೆ ಅಡ್ಡಲಾಗಿ, ಅಳತೆ ಮಾಡಿ ಇಟ್ಟ ಹಾಗೆ ಕೂತಿತು. ಆ ದಿನದಿಂದ ಜೋಡಿ ಪೈಪಿನ ನಕ್ಷೆ ಕಂಡರೆ ನನಗೆ ಮೈ ಉರಿಯುತ್ತದೆ. ಲೆಕ್ಕವೂ ನಾನು ಅಂದುಕೊಂಡಷ್ಟು ಸರಳವಾಗಿರಲಿಲ್ಲ. ವ್ಯಾಸ 60 ಸೆಂ.ಮೀ. ಇರುವ ಪೈಪಿನ ಬದಲು 120 ಸೆಂ.ಮೀ. ಪೈಪು ಹಾಕಿದರೆ ಅದರ ಬಾಯಿಯ ವಿಸ್ತೀರ್ಣ ನಾಲ್ಕು ಪಟ್ಟು. ಎರಡರ ಮುಂದೆಯೂ ನೀರು ಪೈಪಿನ ನೆತ್ತಿಯವರೆಗೆ ನಿಂತಾಗ ಸಾಗುವ ನೀರು ಹೆಚ್ಚುಕಡಿಮೆ ಐದೂವರೆ ಪಟ್ಟು.

ಹಾಗಾದರೆ ಎಷ್ಟು ದೊಡ್ಡದು ಬೇಕು? ಪೈಪಿನ ಪಟ್ಟಿ ನೋಡಬೇಡಿ, ಹಳ್ಳವನ್ನು ನೋಡಿ. ರಸ್ತೆಯ ಪ್ರಭಾವ ಇಲ್ಲದಷ್ಟು ಮೇಲಕ್ಕೆ ಹಳ್ಳದಲ್ಲಿ ನಡೆದುಹೋಗಿ. ಎರಡೂ ದಡದಲ್ಲಿ ಒಂದು ಅಂಚು ಕಾಣುತ್ತದೆ. ಅದರ ಕೆಳಗೆ ಬರೀ ಕಲ್ಲು ಮರಳು, ಮೇಲೆ ಕಾಯಂ ಹುಲ್ಲು, ಪೊದೆ, ಪಾಚಿ ಹತ್ತಿದ ಬೇರು. ಒಂದೆರಡು ವರ್ಷಕ್ಕೊಮ್ಮೆ ಬರುವ ತುಂಬು ಹರಿವು ಮುಟ್ಟುವುದು ಆ ಅಂಚನ್ನು. ಈ ದಡದಿಂದ ಆ ದಡಕ್ಕೆ ಟೇಪು ಎಳೆಯಿರಿ. ಹತ್ತು ಕಡೆ ಎಳೆದು ಸರಾಸರಿ ತೆಗೆಯಿರಿ. ಅದು ನಾಲ್ಕು ಮೀಟರ್ ಬಂತು ಅನ್ನೋಣ. ನಿಮ್ಮ ಮೋರಿಯ ಒಳ ಅಗಲ ಅದಕ್ಕಿಂತ ಕಡಿಮೆ ಇರಕೂಡದು, ಸುಮಾರು 1.2 ಪಟ್ಟು, ಅಂದರೆ ಐದು ಮೀಟರಿನ ಹತ್ತಿರ ಇದ್ದರೆ ಒಳ್ಳೆಯದು. ತಳವನ್ನು ಹಳ್ಳದ ತಳಕ್ಕಿಂತ ಕೆಳಗೆ ಹೂತು, ಒಳಗೆ ಹಳ್ಳದ್ದೇ ಕಲ್ಲು ಮರಳು ಹಾಸಬೇಕು. ಹಳ್ಳಕ್ಕೆ ತಾನು ರಸ್ತೆಯ ಕೆಳಗೆ ಹೋಗುತ್ತಿದ್ದೇನೆ ಎಂಬ ಅರಿವೇ ಬರಬಾರದು. ಮೀನು, ಕಪ್ಪೆ, ಏಡಿಗಳೂ ಮೇಲೆ ಕೆಳಗೆ ಓಡಾಡುತ್ತವೆ. ಕೆಳತುದಿಯಲ್ಲಿ ನೀರು ನಲ್ಲಿಯಂತೆ ಎತ್ತರದಿಂದ ಧುಮುಕುವ ಪೈಪನ್ನು ಬಹುತೇಕ ಮೀನುಗಳು ಹತ್ತಲಾರವು.

ಇದು ಪರಿಸರಪ್ರೇಮಿಗಳ ಐಷಾರಾಮ ಎಂದು ಮೂಗು ಮುರಿಯುವ ಎಂಜಿನಿಯರುಗಳು ಇದ್ದಾರೆ. ಅವರಿಗೆ ನಾನು ಕೊಡುವ ಉದಾಹರಣೆ ಅಮೆರಿಕದ ವರ್ಮಾಂಟ್ ರಾಜ್ಯದ್ದು. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಮಳೆ ಆ ಗುಡ್ಡಗಾಡು ರಾಜ್ಯದ ರಸ್ತೆ, ಮೋರಿ, ಸೇತುವೆಗಳನ್ನು ನೂರಾರು ಕಡೆ ಕಿತ್ತುಹಾಕಿತು. ಅಲ್ಲಿನ ಗ್ರೀನ್ ಮೌಂಟನ್ ರಾಷ್ಟ್ರೀಯ ಅರಣ್ಯದಲ್ಲಿ ನಾನು ಈಗ ಹೇಳಿದ ಬಗೆಯಲ್ಲಿ, ಹಳ್ಳದ ಪೂರ್ಣ ಅಗಲ ಬಿಟ್ಟು ಮೊದಲೇ ಕಟ್ಟಿದ್ದ ಮೋರಿಗಳು ನಿಂತವು. ಸುತ್ತಲಿನ ಚಿಕ್ಕ ಪೈಪುಗಳಲ್ಲಿ ಹಲವು ಹೋದವು. ಅದೇ ವರ್ಮಾಂಟ್ ಇನ್ನೊಂದು ಪಾಠವನ್ನೂ ಕಲಿಸಿತು. ನೆರೆ ಇಳಿದ ಕೂಡಲೇ ಗಾಬರಿಯಲ್ಲಿ ಯಂತ್ರ ಇಳಿಸಿ ಹೊಳೆಗಳ ಕಲ್ಲು ತೆಗೆದು ನೇರ ಕಾಲುವೆ ಮಾಡಿದರು. ಕಲ್ಲಿಲ್ಲದ ನೇರ ಹೊಳೆಯಲ್ಲಿ ನೀರಿಗೆ ತಡೆಯೇ ಇರುವುದಿಲ್ಲ, ವೇಗ ಕೆಳಗಿನವರ ಮೇಲೆ ಬೀಳುತ್ತದೆ. ಆಮೇಲೆ ಕೆಲವು ಕಡೆ ಕಲ್ಲುಗಳನ್ನು ವಾಪಸು ಇಡಬೇಕಾಯಿತು. 'ಹಳ್ಳ ಸ್ವಚ್ಛ ಮಾಡೋಣ' ಎಂದು ನಿಮ್ಮಲ್ಲಿ ಯಾರಾದರೂ ಹೊರಟಿದ್ದರೆ ದಯವಿಟ್ಟು ತಡೆಯಿರಿ.

ಅಷ್ಟು ದೊಡ್ಡ ಮೋರಿಗೆ ಹಣವಿಲ್ಲ ಅನ್ನುತ್ತೀರಾ? ದಿನಕ್ಕೆ ಬೆರಳೆಣಿಕೆಯ ವಾಹನ ಓಡುವ ರಸ್ತೆಯಾದರೆ, ದಡಗಳು ತಗ್ಗಾಗಿದ್ದರೆ, ಮೋರಿಯೇ ಬೇಡ. ಹಳ್ಳದ ತಳಕ್ಕೇ ಕಾಂಕ್ರೀಟು ಅಥವಾ ದೊಡ್ಡ ಕಲ್ಲಿನ ಹಾಸು ಹಾಕಿ, ನೀರು ಮೇಲೆಯೇ ಹರಿದುಹೋಗಲು ಬಿಡುವ ಮುಳುಗು ದಾಟು ಮಾಡಬಹುದು. ಅದಕ್ಕೆ ಕಟ್ಟಿಕೊಳ್ಳುವ ಬಾಯಿಯೇ ಇಲ್ಲ. ಕೆಳ ಅಂಚಿನಲ್ಲಿ ಆಳದ ತಡೆಗೋಡೆ ಇಲ್ಲದಿದ್ದರೆ ಮಾತ್ರ ನೀರು ಅಡಿಯಿಂದ ಕೊರೆದು ಹಾಸನ್ನು ಮಗುಚುತ್ತದೆ, ಅಲ್ಲಿ ಉಳಿತಾಯ ಮಾಡಬೇಡಿ. ಇನ್ನೊಂದು ಎಚ್ಚರಿಕೆಯೂ ಇದೆ. ವೇಗವಾಗಿ ಹರಿಯುವ 30 ಸೆಂ.ಮೀ. ನೀರು ಸಣ್ಣ ಕಾರನ್ನು ತೇಲಿಸಬಲ್ಲದು, 60 ಸೆಂ.ಮೀ. ಬಹುತೇಕ ವಾಹನಗಳನ್ನು ಒಯ್ಯಬಲ್ಲದು. ಪ್ರವಾಸಕ್ಕೆ ಬಂದವರಿಗೆ ಹಳ್ಳದ ಸ್ವಭಾವ ಗೊತ್ತಿರುವುದಿಲ್ಲ. ಹಾಗಾಗಿ ಎರಡೂ ಕಡೆ ಆಳ ತೋರಿಸುವ ಕಂಬ, ಮಳೆಗಾಲದಲ್ಲಿ ಮುಚ್ಚುವ ಗೇಟು ಬೇಕೇ ಬೇಕು. ಗೇಟು ನೀರಿನ ಪಕ್ಕದಲ್ಲಿ ಬೇಡ, ವಾಹನ ತಿರುಗಿಸಲು ಜಾಗ ಇರುವ ಕಡೆ ಇರಲಿ.

ಮೋರಿ ಯಾವುದೇ ಇರಲಿ, ಒಂದು ಪರೀಕ್ಷೆಯನ್ನು ಮರೆಯದೆ ಮಾಡಿ. ಮೋರಿಯ ಮೇಲೆ ನಿಂತು, ಇದು ಈಗ ಪೂರ್ತಿ ಕಟ್ಟಿಕೊಂಡಿದೆ ಎಂದುಕೊಳ್ಳಿ. ನೀರು ಎಲ್ಲಿಗೆ ಹೋಗುತ್ತದೆ? ರಸ್ತೆ ಮೋರಿಯಿಂದ ಒಂದು ಕಡೆಗೆ ಇಳಿಜಾರಾಗಿದ್ದರೆ ಹಳ್ಳವೇ ರಸ್ತೆಯ ಮೇಲೆ ಓಡುತ್ತಾ ಕೆಳಗಿನ ತಿರುವಿನವರೆಗೆ ಹೋಗಿ, ಅಲ್ಲಿ ಯಾವುದೋ ಒಣ ಗುಡ್ಡದ ಮೇಲಿಂದ ಧುಮುಕುತ್ತದೆ. ಒಂದು ಮೋರಿ ಕಟ್ಟಿಕೊಂಡಿದ್ದಕ್ಕೆ ಅರ್ಧ ಕಿಲೋಮೀಟರ್ ರಸ್ತೆ ಹೋಗುವುದು ಹೀಗೆ. ನಿಮ್ಮ ಮೂರನೇ ಜಾಗದ ಕುಸಿತ ಮೋರಿಗಿಂತ ಕೆಳಗಿದ್ದರೆ, ಎರಡರ ನಡುವೆ ರಸ್ತೆಯ ಮೇಲೆ ನೀರು ಕೊರೆದ ಕೊರಕಲು ಇದೆಯೇ ನೋಡಿ. ಇದ್ದರೆ ಎರಡೂ ಒಂದೇ ಅಪಘಾತ. ಇದರ ಮದ್ದು ಇಡೀ ಕೆಲಸದಲ್ಲೇ ಅತಿ ಅಗ್ಗದ್ದು. ಮೋರಿಯ ಕೆಳಬದಿಗೆ ತಾಗಿದಂತೆ ರಸ್ತೆಗೆ ಅಡ್ಡಲಾಗಿ ಅಗಲವಾದ ಒಂದು ತಗ್ಗು ಮಾಡಿ, ಅದರ ಹೊರ ಇಳಿಜಾರಿಗೆ ಕಲ್ಲು ಹಾಸಿ. ವಾಹನಕ್ಕೆ ಅದು ಮೆಲ್ಲನೆಯ ಅಲೆಯಂತೆ ಅನಿಸುತ್ತದೆ ಅಷ್ಟೆ. ಮೋರಿ ಕಟ್ಟಿಕೊಂಡ ದಿನ ನೀರು ಆ ತಗ್ಗಿನಲ್ಲಿ ದಾಟಿ ಮತ್ತೆ ತನ್ನ ಹಳ್ಳಕ್ಕೇ ಇಳಿಯುತ್ತದೆ. ಮೋರಿ ಹೋದರೂ ರಸ್ತೆ ಉಳಿಯುತ್ತದೆ.

ಇನ್ನು ಹೊಳೆ ತಿಂದ ತಿರುವು. ಹೊಳೆ ತಿರುವಿನ ಹೊರ ದಡವನ್ನು ಕೊರೆಯುತ್ತದೆ, ಒಳ ದಡದಲ್ಲಿ ಮರಳು ಪೇರಿಸುತ್ತದೆ. ಅದು ಅದರ ಜಾಯಮಾನ. ನಿಮ್ಮ ರಸ್ತೆ ಹೊರ ದಡದಲ್ಲಿತ್ತು. ಅಲ್ಲೇ ಮಣ್ಣು ತುಂಬಿ ಕಲ್ಲು ಸುರಿಯುವುದು ಹೊಳೆಯ ಬಾಯಿಗೇ ತುತ್ತು ಇಟ್ಟ ಹಾಗೆ. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ವ್ಯಾಸ ನಾಲ್ಕು ಪಟ್ಟಾಗುತ್ತದೆ, ತೂಕ 64 ಪಟ್ಟು. ನೆರೆ ಇಲ್ಲದ ದಿನ ನೋಡಿ ಆರಿಸಿದ ಕಲ್ಲು ನೆರೆಯ ದಿನ ಗೋಲಿಯಂತೆ ಉರುಳುವುದು ಇದಕ್ಕೇ.

ಆದ್ದರಿಂದ ಸಾಧ್ಯವಿದ್ದರೆ ರಸ್ತೆ ಸರಿಯಲಿ, ಹೊಳೆ ಅಲ್ಲೇ ಇರಲಿ. ಗುಡ್ಡ ಕಡಿದು ಸರಿಸುವುದಕ್ಕೂ ಅದರದೇ ಅಪಾಯವಿದೆ, ಮೇಲಿನ ಇಳಿಜಾರು ಕುಸಿಯಬಹುದು. ಹಲವು ಸಲ ಇದಕ್ಕಿಂತ ಸರಳ ದಾರಿ ಇರುತ್ತದೆ. ಆ ಐವತ್ತು ಮೀಟರ್ ಉದ್ದಕ್ಕೆ ಮಾತ್ರ ರಸ್ತೆಯನ್ನು ಮೂರೂವರೆ ಮೀಟರಿಗೆ ಕಿರಿದು ಮಾಡಿ, ಎರಡೂ ತುದಿಗೆ ಎದುರು ವಾಹನಕ್ಕೆ ಕಾಯುವ ಜಾಗ ಕೊಡಿ. ಕಾಡಿಗೆ ಬಂದವರು ಒಂದು ನಿಮಿಷ ನಿಂತರೆ ಏನೂ ಕಳೆದುಕೊಳ್ಳುವುದಿಲ್ಲ. ಕಲ್ಲು ಹಾಕಲೇಬೇಕಾದ ಕಡೆ ಮೂಲೆಗಳಿರುವ ಒಡೆದ ಕಲ್ಲು ಬೇಕು, ಹೊಳೆಯ ಗುಂಡುಕಲ್ಲು ಬೇಡ. ಅದರ ಪಾದ ಹೊಳೆ ಕೊರೆಯಬಹುದಾದ ಆಳಕ್ಕಿಂತ ಕೆಳಗೆ ಹೂತಿರಬೇಕು. ಕಲ್ಲಿನ ಹಿಂದೆ ಸಣ್ಣ ಜಲ್ಲಿಯ ಪದರವೋ ಜಿಯೋಟೆಕ್ಸ್‌ಟೈಲ್ ಬಟ್ಟೆಯೋ ಇರಬೇಕು, ಇಲ್ಲದಿದ್ದರೆ ಕಲ್ಲುಗಳ ಸಂದಿಯಿಂದ ಮಣ್ಣು ಸೋರಿ, ಹೊರಗೆ ಗೋಡೆ ಚೆಂದ ನಿಂತಿರುವಾಗಲೇ ಒಳಗೆ ಪೊಳ್ಳಾಗುತ್ತದೆ.

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಉತ್ತರ ದ್ವಾರದ ಕಥೆ ಇಲ್ಲಿ ಹೇಳಬೇಕಾದದ್ದು. 2022ರ ಜೂನ್ 13ರ ನೆರೆ ಗಾರ್ಡ್ನರ್ ನದಿಯ ಕಣಿವೆಯೊಳಗಿನ ಆ ರಸ್ತೆಯನ್ನು ಹಲವು ಕಡೆ ಕಿತ್ತುಹಾಕಿತು. ಕಣಿವೆಯಲ್ಲೇ ತೇಪೆ ಹಾಕುತ್ತಾ ಕೂರಲಿಲ್ಲ. ಗುಡ್ಡದ ಮೇಲೆ 1880ರ ದಶಕದ ಕುದುರೆ ಗಾಡಿಗಳ ಒಂದು ಹಳೆಯ ದಾರಿ ಇತ್ತು, ಒಂದೇ ವಾಹನ ಹಿಡಿಸುವ ಮಣ್ಣಿನ ರಸ್ತೆ. ಅದನ್ನೇ ಅಗಲ ಮಾಡಿ, ಡಾಂಬರು ಹಾಕಿ, ಅಕ್ಟೋಬರ್ 30ಕ್ಕೆ ತೆರೆದರು. ನೆರೆಯಾಗಿ ಐದು ತಿಂಗಳು ತುಂಬಿರಲಿಲ್ಲ. ನಿಮ್ಮ ಕಾಡಿನಲ್ಲೂ ಮರ ಸಾಗಿಸಿದ ಹಳೆಯ ಜಾಡೋ, ದನಗಳ ದಾರಿಯೋ ಎತ್ತರದಲ್ಲಿ ಇರಬಹುದು. ಹಳಬರನ್ನು ಕೇಳಿ. ಯಂತ್ರ ಇಲ್ಲದ ಕಾಲದವರು ನೀರಿನ ಹತ್ತಿರ ದಾರಿ ಮಾಡುವ ಧೈರ್ಯ ಸುಮ್ಮನೆ ಮಾಡುತ್ತಿರಲಿಲ್ಲ.

ಅಂಚು ಜಾರಿದ ಕಡೆ ಮೊದಲು ಉಳಿದ ರಸ್ತೆಯ ಮೇಲೆ ಬಿಲ್ಲಿನಾಕಾರದ ಬಿರುಕುಗಳಿವೆಯೇ ನೋಡಿ. ಇದ್ದರೆ ಬಿರುಕಿನ ಎರಡೂ ಕಡೆ ಗೂಟ ಹೊಡೆದು ವಾರಕ್ಕೊಮ್ಮೆ ಅಂತರ ಅಳೆಯಿರಿ. ಅಂತರ ಹೆಚ್ಚುತ್ತಿದ್ದರೆ ಅಲ್ಲಿ ರೋಲರ್ ತರುವ ಮಾತೇ ಬೇಡ, ಮಣ್ಣು, ಇಳಿಜಾರುಗಳ ಗಟ್ಟಿತನ ಪರೀಕ್ಷಿಸುವ ಭೂತಾಂತ್ರಿಕ ಎಂಜಿನಿಯರನ್ನು ಕರೆಸಿ. ನಿಂತಿದ್ದರೆ, ಸಡಿಲ ಮಣ್ಣನ್ನೆಲ್ಲ ತೆಗೆದು, ಗಟ್ಟಿ ನೆಲದಲ್ಲಿ ಮೆಟ್ಟಿಲು ಕಡಿದು, ಒಳಗೆ ಒಸರುವ ನೀರಿಗೆ ಹೊರದಾರಿ ಕೊಟ್ಟು, ಆಮೇಲೆ 15ರಿಂದ 20 ಸೆಂ.ಮೀ. ಪದರಗಳಲ್ಲಿ ಮಣ್ಣು ಹಾಕಿ ಒಂದೊಂದನ್ನೂ ದಮ್ಮಸು ಮಾಡಬೇಕು. ಮಣ್ಣಿನ ಹದ ನೋಡಲು ಒಂದು ಹಿಡಿ ಹಿಂಡಿ ನೋಡಿ. ಉಂಡೆ ಕಟ್ಟಬೇಕು, ಅಂಗೈ ಒದ್ದೆಯಾಗಬಾರದು, ಎರಡು ಬೆರಳಲ್ಲಿ ಮುರಿದರೆ ಎರಡೇ ಹೋಳಾಗಬೇಕು. ಪುಡಿಯಾದರೆ ನೀರು ಸಾಲದು, ಬೆರಳ ಗುರುತು ಅಂಟಿಕೊಂಡು ಮೆತ್ತಗಿದ್ದರೆ ಹೆಚ್ಚಾಯಿತು. ನೆರೆ ತಂದ ಮರದ ಬೊಡ್ಡೆಗಳನ್ನು ತುಂಬುವ ಮಣ್ಣಿನೊಳಗೆ ಹೂತು ಜಾಗ ಖಾಲಿ ಮಾಡುವ ಚಾಳಿ ಎಲ್ಲ ಕಡೆ ಇದೆ. ಕೆಲವು ವರ್ಷಕ್ಕೆ ಅವು ಕೊಳೆತು, ಯಾವ ಮಳೆಯೂ ಇಲ್ಲದ ಒಂದು ದಿನ ರಸ್ತೆ ಕುಸಿದಾಗ ಯಾರಿಗೂ ಕಾರಣ ನೆನಪಿರುವುದಿಲ್ಲ.

ಡಾಂಬರಿನ ವಿಷಯದಲ್ಲಿ ನನ್ನ ಉತ್ತರ ಚಿಕ್ಕದು: ಬೇಡ. ಅಡಿಯ ಮಣ್ಣು ಹೋಗುವಾಗ ಮೇಲಿನ ಡಾಂಬರು ತಡೆಯುವುದಿಲ್ಲ, ಹೋಗುತ್ತಿರುವುದನ್ನು ಮುಚ್ಚಿಡುತ್ತದೆ ಅಷ್ಟೆ. ಒಳ್ಳೆಯ ಜಲ್ಲಿ, ಅದನ್ನು ಹಿಡಿದಿಡುವಷ್ಟು ಸಣ್ಣ ಪುಡಿ, ನಡುವೆ ಉಬ್ಬಿ ಎರಡೂ ಬದಿಗೆ ಸುಮಾರು 4 ಶೇಕಡಾ ಇಳಿಜಾರು, ಇಷ್ಟಿದ್ದರೆ ಈ ರಸ್ತೆಗೆ ಸಾಕು. ತೀರಾ ಕಡಿದಾದ ಕಡೆ ಎರಡು ಚಕ್ರದ ಪಟ್ಟಿಗಳಿಗೆ ಮಾತ್ರ ಕಾಂಕ್ರೀಟು ಹಾಕಿ. ನುಣ್ಣನೆಯ ರಸ್ತೆ ವೇಗವನ್ನೂ ಜನಜಂಗುಳಿಯನ್ನೂ ತರುತ್ತದೆ, ಬಯಲಿನಲ್ಲಿರುವ ನಿಲುಗಡೆ ಜಾಗ ಮಾತ್ರ ದೊಡ್ಡದಾಗುವುದಿಲ್ಲ.

ನೀವು ಕೇಳದೇ ಇರುವ ಒಂದು ಪ್ರಶ್ನೆಗೂ ಉತ್ತರಿಸುತ್ತೇನೆ. ಏಳೂ ಕಿಲೋಮೀಟರ್ ವಾಹನ ಹೋಗಲೇಬೇಕೇ? ಅಮೆರಿಕದ ಮೌಂಟ್ ರೇನಿಯರ್ ರಾಷ್ಟ್ರೀಯ ಉದ್ಯಾನದಲ್ಲಿ 2006ರ ನವೆಂಬರಿನಲ್ಲಿ 36 ಗಂಟೆಗಳಲ್ಲಿ ಸುಮಾರು 45 ಸೆಂ.ಮೀ. ಮಳೆ ಸುರಿದು ಕಾರ್ಬನ್ ನದಿಯ ರಸ್ತೆ ಹೋಯಿತು. ಅದೇ ಮೊದಲಲ್ಲ, ಹಿಂದೆಯೂ ಹಲವು ಸಲ ಕಟ್ಟಿ ಕಳೆದುಕೊಂಡಿದ್ದರು. ಹಿಮನದಿ ತರುವ ಕಲ್ಲುಮಣ್ಣಿನಿಂದ ನದಿಯ ತಳವೇ ಏರುತ್ತಾ, ಕೆಲವು ಕಡೆ ರಸ್ತೆಗಿಂತ ಎತ್ತರಕ್ಕೆ ಬಂದಿತ್ತು. ಕೊನೆಗೆ ಉದ್ಯಾನದವರು ಪ್ರವೇಶದಿಂದಾಚೆ ವಾಹನಗಳನ್ನು ನಿಲ್ಲಿಸಿ, ಸುಮಾರು ಎಂಟು ಕಿಲೋಮೀಟರ್ ಉದ್ದದ ಆ ಹಳೆಯ ರಸ್ತೆಯನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟರು. ಅದರ ಕೊನೆಯಲ್ಲಿದ್ದ, ಕಾರಿನಲ್ಲಿ ತಲುಪುತ್ತಿದ್ದ ಡೇರೆ ತಾಣ ಈಗ ನಡೆದು ತಲುಪುವ ತಾಣ.

ನಿಮ್ಮ ಮೂರು ಜಾಗಗಳು ಕೊನೆಯ ಒಂದೂವರೆ ಕಿಲೋಮೀಟರಿನಲ್ಲೇ ಇದ್ದರೆ ನಾನು ನಿಸ್ಸಂಕೋಚವಾಗಿ ಇದನ್ನೇ ಹೇಳುತ್ತಿದ್ದೆ. ಅವುಗಳಿಗೆ ಮುಂಚೆಯೇ ನಿಲುಗಡೆ, ಶೌಚಾಲಯ, ಬಸ್ಸು ತಿರುಗುವಷ್ಟು ಜಾಗ ಮಾಡಿ, ಮುಂದೆ ಕಾಲುದಾರಿ ಬಿಡಿ. ಕಾಲುಸೇತುವೆ ಕಟ್ಟುವ ಖರ್ಚು ವಾಹನ ಸೇತುವೆಯ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ. ಗಾಲಿಕುರ್ಚಿಯವರು, ವಯಸ್ಸಾದವರು ಎಲ್ಲಿಯವರೆಗೆ ಹೋಗಬಲ್ಲರು, ಪೆಟ್ಟಾದವರನ್ನು ಹೊರಗೆ ತರುವುದು ಹೇಗೆ, ಬೆಂಕಿ ಬಿದ್ದರೆ ನೀರಿನ ವಾಹನ ಎಲ್ಲಿಗೆ ಮುಟ್ಟಬೇಕು, ಈ ಮೂರಕ್ಕೂ ಉತ್ತರ ಇಲ್ಲದೆ ಮಾತ್ರ ಆ ನಿರ್ಧಾರ ಮಾಡಬೇಡಿ.

ಮುಂದಿನ ಮಳೆಗಾಲದ ಗಡುವಿನ ಬಗ್ಗೆ: ಹಳ್ಳದೊಳಗಿನ ಕೆಲಸ ನೀರು ಅತಿ ಕಡಿಮೆ ಇರುವ ವಾರಗಳಲ್ಲೇ ಆಗಬೇಕು, ಮೀನು ಮೊಟ್ಟೆಯಿಡುವ ಕಾಲ ತಪ್ಪಿಸಬೇಕು, ಅನುಮತಿಗಳು ಅದಕ್ಕೂ ಮೊದಲೇ ಕೈಗೆ ಬಂದಿರಬೇಕು. ಒಂದೇ ಋತುವಿನಲ್ಲಿ ಮೂರೂ ಆಗದಿದ್ದರೆ ಮೊದಲು ಮೋರಿ, ಆಮೇಲೆ ಉಳಿದವು. ಹೊರಗಿನ ಯಂತ್ರಗಳು ಕಾಡಿಗೆ ಬರುವ ಮುಂಚೆ ಅವುಗಳ ಚಕ್ರ, ಪಟ್ಟಿ ತೊಳೆಸಿ. ಅಂಟಿದ ಕೆಸರಿನಲ್ಲಿ ಕಳೆಯ ಬೀಜವೂ ಬೇರುಕೊಳೆ ರೋಗವೂ ಪ್ರಯಾಣ ಮಾಡುತ್ತವೆ. ನ್ಯೂಜಿಲೆಂಡಿನಲ್ಲಿ ಕೌರಿ ಮರಗಳನ್ನು ಉಳಿಸಲು ಚಾರಣಿಗರ ಬೂಟನ್ನೂ ಉಜ್ಜಿಸಿ ಒಳಗೆ ಬಿಡುತ್ತಾರೆ.

'ನೂರು ವರ್ಷಕ್ಕೊಮ್ಮೆ ಬರುವ ನೆರೆ ಬಂದಾಯಿತು, ಇನ್ನು ನೂರು ವರ್ಷ ಚಿಂತೆಯಿಲ್ಲ' ಎಂದು ಯಾರಾದರೂ ಸಭೆಯಲ್ಲಿ ಹೇಳಿದರೆ ಈ ಲೆಕ್ಕ ತೋರಿಸಿ. ಆ ಮಾತಿನ ಅರ್ಥ ಪ್ರತಿ ವರ್ಷ ಅಂಥ ನೆರೆ ಬರುವ ಸಾಧ್ಯತೆ 1 ಶೇಕಡಾ ಎಂದು ಮಾತ್ರ. 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ 26 ಶೇಕಡಾ. 25 ವರ್ಷದ ನೆರೆಗೆ ಲೆಕ್ಕ ಹಾಕಿ ಕಟ್ಟಿದ ಮೋರಿ ತನ್ನ ಮೊದಲ 25 ವರ್ಷದಲ್ಲೇ ಅದಕ್ಕಿಂತ ದೊಡ್ಡ ನೆರೆ ಕಾಣುವ ಸಾಧ್ಯತೆ 64 ಶೇಕಡಾ.

ನಾಳೆ ಟೇಪು, ಗೂಟ, ಕ್ಯಾಮೆರಾ ಹಿಡಿದು ಹೊರಡಿ. ನನಗೆ ಮೂರು ವಿಷಯ ಬರೆದು ತಿಳಿಸಿ: ಮೋರಿಯ ಮೇಲ್ಭಾಗದಲ್ಲಿ ಹಳ್ಳದ ಅಗಲ, ಮೋರಿಯಿಂದ ಕುಸಿತದವರೆಗೆ ರಸ್ತೆಯ ಮೇಲೆ ಕೊರಕಲು ಇದೆಯೋ ಇಲ್ಲವೋ, ಏಳು ಕಿಲೋಮೀಟರಿನಲ್ಲಿ ಎಷ್ಟನೆಯದರಲ್ಲಿ ಯಾವ ಹಾನಿ. ಆಮೇಲೆ ನಕ್ಷೆಯ ಮಾತು.